ಹನ್ನೊಂದು ಮಣಿಯ ಎಚ್ಚರಿಕೆ

ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಬಸ್ಸಿನಲ್ಲಿ ಹೋದವರಿಗೆ ಈ ನೋಟ ಗೊತ್ತು. ಮಳೆ ಹದವಾಗಿ ಬಂದ ವರ್ಷ, ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ರಸ್ತೆಯ ಎರಡೂ ಬದಿ ಶೇಂಗಾ ಹೊಲವೇ ಹೊಲ. ನಡುನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದೆ, ಹರಳು. ಚಳ್ಳಕೆರೆಗೆ ‘ಎಣ್ಣೆ ನಗರಿ’ ಎಂಬ ಹೆಸರು ಬಂದದ್ದು ಈ ಶೇಂಗಾದಿಂದಲೇ. ಆದರೆ ನಮ್ಮದು ಮಳೆ ಕಡಿಮೆಯ ಸೀಮೆ. ಬಿತ್ತಿದ ಒಂದೇ ಬೆಳೆ ಕೈಗೆ ಬರುತ್ತದೋ ಇಲ್ಲವೋ ಎಂಬುದರ ಮೇಲೆ ಮಗಳ ಮದುವೆ, ಮಗನ ಕಾಲೇಜು ಫೀಸು, ಅಂಗಡಿಯ ಬಾಕಿ ಎಲ್ಲ ನಿಂತಿರುತ್ತದೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಓದಿದ್ದು ಬಿಕಾಂ. ಸಸ್ಯಶಾಸ್ತ್ರ ನನಗೆ ಬಂದದ್ದು ಕೌಂಟರಿನ ಕಿಟಕಿಯಿಂದ. ಜೂನ್‌ನಲ್ಲಿ ಬೆಳೆ ಸಾಲಕ್ಕೆ ಬರುವ ರೈತರ ಬಾಯಲ್ಲಿ ಮಳೆಯ ಮಾತು, ಸೆಪ್ಟೆಂಬರಿನಲ್ಲಿ ಎಲೆಯ ಮಾತು. “ಚುಕ್ಕಿ ಬಿದ್ದೈತೆ ಸಾರ್, ಎಲೆಯೆಲ್ಲ ಉದುರ್ತಾ ಐತೆ” ಎನ್ನುವರು. ಅದು ತಿಕ್ಕಾ ರೋಗ. ಎರಡು ಬಗೆಯ ಶಿಲೀಂಧ್ರಗಳು ತರುವ ಎಲೆಚುಕ್ಕೆ. ಮೊದಲು ಬರುವುದು ಕಂದು ಚುಕ್ಕೆ, ಸುತ್ತ ಹಳದಿ ಉಂಗುರ. ತಡವಾಗಿ ಬರುವುದು ಕಪ್ಪು ಚುಕ್ಕೆ. ಎಲೆ ಮಗುಚಿ ನೋಡಿದರೆ ಅಡಿಯಲ್ಲಿ ಇದ್ದಿಲು ಪುಡಿ ಮೆತ್ತಿದಂತೆ. ಎಲೆ ಉದುರಿದರೆ ನೆಲದೊಳಗಿನ ಕಾಯಿಗೆ ಊಟ ಹಾಕುವವರು ಯಾರು?

ಏಳನೇ ಕ್ಲಾಸಿನ ನನ್ನ ಮೊಮ್ಮಗಳು ದಸರಾ ರಜೆಯಲ್ಲಿ ಇಂಥ ಒಂದು ಎಲೆ ಹಿಡಿದು ಕೇಳಿದಳು: “ತಾತ, ನಮಗೆ ಜ್ವರ ಬಂದರೆ ರಕ್ತದಲ್ಲಿ ಬಿಳಿ ಕಣ ಓಡಿ ಬರುತ್ತೆ ಅಂತ ನಮ್ಮ ಮಿಸ್ ಹೇಳಿದ್ರು. ಗಿಡಕ್ಕೆ ರಕ್ತಾನೇ ಇಲ್ಲವಲ್ಲ. ಈ ಎಲೆಗೆ ರೋಗ ಬಂದಿದ್ದು ಆ ಎಲೆಗೆ ಹೇಗೆ ಗೊತ್ತಾಗುತ್ತೆ?”

ಪ್ರಶ್ನೆ ಸರಿಯಾದದ್ದು. ಗಿಡಕ್ಕೆ ಓಡಾಡುವ ಸಿಪಾಯಿಗಳಿಲ್ಲ. ಅದರ ಒಂದೊಂದು ಜೀವಕೋಶವೂ ತನ್ನ ಮನೆಯ ಕಾವಲು ತಾನೇ ಕಾಯಬೇಕು. ಹಾಗಿದ್ದಮೇಲೆ ಕಳ್ಳ ಬಂದ ಸುದ್ದಿ ಪಕ್ಕದ ಮನೆಗೆ ತಲುಪಿಸಲು ಏನಾದರೂ ಏರ್ಪಾಡು ಬೇಕಲ್ಲ? ಇದೆ. ಪೆಪ್ಟೈಡ್ ಎಂಬ ಪುಟ್ಟ ಪುಟ್ಟ ಚೀಟಿಗಳು ಅದರಲ್ಲಿ ದೊಡ್ಡ ಪಾತ್ರ ವಹಿಸುತ್ತವೆ.

ಪ್ರೋಟೀನು ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ನೂರಾರು ಮಣಿ ಇರಬಹುದು. ಸರ ಚಿಕ್ಕದಾಗಿದ್ದರೆ, ಎಂಟು, ಹನ್ನೊಂದು, ಹದಿನೆಂಟು ಮಣಿಗಳಷ್ಟೇ ಇದ್ದರೆ, ಅದನ್ನು ಪೆಪ್ಟೈಡ್ ಅನ್ನುತ್ತಾರೆ. ನನ್ನ ವಾರಗೆಯ ಓದುಗರಲ್ಲಿ ಅನೇಕರು ದಿನಾ ಹೊಟ್ಟೆಗೆ ಚುಚ್ಚಿಕೊಳ್ಳುವ ಇನ್ಸುಲಿನ್ ಕೂಡ ಇದೇ ಕುಲದ್ದು. ಅದರಲ್ಲಿ 51 ಮಣಿ. ಮೇದೋಜೀರಕ ಗ್ರಂಥಿ ಅದನ್ನು ಮೊದಲು ಉದ್ದ ಸರವಾಗಿ ಮಾಡಿ, ಆಮೇಲೆ ಕತ್ತರಿಸಿ ಬೇಕಾದ ಭಾಗವನ್ನು ಇಟ್ಟುಕೊಳ್ಳುತ್ತದೆ. ಈ ಕತ್ತರಿಸುವ ಮಾತು ನೆನಪಿರಲಿ, ಗಿಡಗಳೂ ಹಾಗೇ ಮಾಡುತ್ತವೆ.

ಮೊದಲು ಇದು ಗೊತ್ತಾದದ್ದು ಟೊಮೆಟೊ ಗಿಡದಲ್ಲಿ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕ್ಲಾರೆನ್ಸ್ ರಯಾನ್ ಎಂಬ ವಿಜ್ಞಾನಿ ಇದ್ದರು. 1972ರಲ್ಲಿ ಅವರೂ ಟೆರಿ ಗ್ರೀನ್ ಎಂಬವರೂ ಒಂದು ವಿಚಿತ್ರ ಕಂಡರು. ಜೀರುಂಡೆ ಗಿಡದ ಒಂದು ಎಲೆಯನ್ನು ಕಡಿದರೆ, ಕಡಿಸಿಕೊಳ್ಳದ ಬೇರೆ ಎಲೆಗಳಲ್ಲೂ ಕೆಲವೇ ಗಂಟೆಗಳಲ್ಲಿ ಒಂದು ಪ್ರೋಟೀನು ತುಂಬಿಕೊಳ್ಳುತ್ತದೆ. ಅದನ್ನು ತಿಂದ ಹುಳುವಿಗೆ ಅಜೀರ್ಣ! ಹುಳುವಿನ ಹೊಟ್ಟೆಯಲ್ಲಿ ಆಹಾರ ಕರಗಿಸುವ ಕಿಣ್ವದ ಕೈಕಟ್ಟಿಹಾಕುವುದೇ ಆ ಪ್ರೋಟೀನಿನ ಕೆಲಸ. ಹಾಗಾದರೆ ಕಡಿದ ಎಲೆಯಿಂದ ಕಡಿಯದ ಎಲೆಗೆ ಸುದ್ದಿ ಒಯ್ದದ್ದು ಏನು?

ಅದನ್ನು ಹುಡುಕಲು ಹತ್ತೊಂಬತ್ತು ವರ್ಷ ಹಿಡಿಯಿತು. ಮಕ್ಕಳೇ, ನನ್ನಂಥ ಲೆಕ್ಕದವನನ್ನು ಬೆರಗುಗೊಳಿಸಿದ್ದು ಇಲ್ಲಿನ ಒಂದು ಲೆಕ್ಕ. ಸುಮಾರು 27 ಕಿಲೋ ಟೊಮೆಟೊ ಸೊಪ್ಪು ಅರೆದು, ಸೋಸಿ, ಬೇರ್ಪಡಿಸಿ, ಕೊನೆಗೆ ಅವರಿಗೆ ಸಿಕ್ಕಿದ್ದು ಒಂದು ಮೈಕ್ರೋಗ್ರಾಂ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಯಾವ ಬಂಗಾರದಂಗಡಿಯ ತಕ್ಕಡಿಯೂ ಅದನ್ನು ತೂಗಲಾರದು. 1991ರಲ್ಲಿ ಗ್ರೆಗರಿ ಪಿಯರ್ಸ್, ರಯಾನ್ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದರು. ಹೆಸರು ಸಿಸ್ಟಮಿನ್. ಮಣಿಗಳು ಹದಿನೆಂಟು. ಗಿಡ ಅದನ್ನು 200 ಮಣಿಗಳ ಸರದೊಳಗೆ ಹುದುಗಿಸಿ ಇಟ್ಟುಕೊಂಡಿರುತ್ತದೆ. ಗಾಯವಾದಾಗ ಮಾತ್ರ ಕತ್ತರಿಸಿ ಹೊರಗೆ ಬಿಡುತ್ತದೆ.

ಹಳೆಯ ಬ್ಯಾಂಕಿನ ಹಿತ್ತಾಳೆ ಟೋಕನ್ ಅಜ್ಜ ಅಜ್ಜಿಯರಿಗೆ ನೆನಪಿದೆಯೇ? ಹಣ ತೆಗೆಯುವ ಚೀಟಿ ಕೊಟ್ಟರೆ ಗುಮಾಸ್ತ ನಂಬರು ಕೊರೆದ ಒಂದು ದುಂಡನೆಯ ಬಿಲ್ಲೆ ಕೊಡುತ್ತಿದ್ದ. ಅದನ್ನು ಹಿಡಿದು ಬೆಂಚಿನಲ್ಲಿ ಕೂತಿದ್ದು, ಕರೆದಾಗ ಕ್ಯಾಷಿಯರಿಗೆ ಕೊಟ್ಟರೆ ಹಣ. ಬಿಲ್ಲೆಯೇ ಹಣವಲ್ಲ. ಬೇರೆ ಬ್ಯಾಂಕಿನ ಬಿಲ್ಲೆ ತಂದರೆ ಈ ಕಿಟಕಿಯಲ್ಲಿ ನಡೆಯುವುದೂ ಇಲ್ಲ. ಪೆಪ್ಟೈಡಿನ ಕಥೆಯೂ ಇಷ್ಟೇ. ಅದು ತಾನಾಗಿ ಯಾವ ಹುಳುವನ್ನೂ ಕೊಲ್ಲುವುದಿಲ್ಲ. ಜೀವಕೋಶದ ಹೊರಗೋಡೆಯ ಬಳಿ ಅದನ್ನೇ ಗುರುತಿಸುವ ಒಂದು ಕಿಟಕಿ ಇರುತ್ತದೆ, ವಿಜ್ಞಾನಿಗಳು ಗ್ರಾಹಕ ಎನ್ನುತ್ತಾರೆ. ಬಿಲ್ಲೆ ಆ ಕಿಟಕಿಗೆ ಸರಿಯಾಗಿ ಕೂತರೆ ಒಳಗಿನ ಖಜಾನೆ ತೆರೆದುಕೊಳ್ಳುತ್ತದೆ.

ಸಿಸ್ಟಮಿನ್ನೇ ಇಡೀ ಗಿಡದಲ್ಲಿ ಓಡುತ್ತದೆ ಎಂದು ಮೊದಮೊದಲು ಅಂದುಕೊಂಡಿದ್ದರು. 2002ರಲ್ಲಿ ಟೊಮೆಟೊ ಗಿಡಗಳನ್ನು ಒಂದಕ್ಕೊಂದು ಕಸಿ ಮಾಡಿ ನೋಡಿದಾಗ ಬೇರೆಯೇ ಕಂಡಿತು. ಬಿಲ್ಲೆ ಗಾಯದ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆ. ದೂರದ ಎಲೆಗಳಿಗೆ ಸುದ್ದಿ ಹೋಗುವುದು ಜ್ಯಾಸ್ಮೋನಿಕ್ ಆಮ್ಲದ ಬಳಗದ ಮೂಲಕ. ಹೆಸರಿನಲ್ಲೇ ಜಾಜಿ ಮಲ್ಲಿಗೆ ಇದೆ ನೋಡಿ! ಈ ಬಳಗದ ಒಂದು ವಸ್ತುವನ್ನು ಮೊದಲು ಬೇರ್ಪಡಿಸಿದ್ದೇ ಮಲ್ಲಿಗೆ ಎಣ್ಣೆಯಿಂದ, 1962ರಲ್ಲಿ. ರಯಾನ್ ಅವರ ಪ್ರಯೋಗಾಲಯದಲ್ಲೇ 1990ರಲ್ಲಿ ಒಂದು ಚೆಂದದ ಪ್ರಯೋಗ ನಡೆದಿತ್ತು. ಈ ವಸ್ತು ಹೇರಳವಾಗಿರುವ ಒಂದು ಕುರುಚಲು ಗಿಡದ ರೆಂಬೆಯನ್ನೂ ಟೊಮೆಟೊ ಸಸಿಯನ್ನೂ ಒಂದೇ ಮುಚ್ಚಿದ ಪಾತ್ರೆಯಲ್ಲಿಟ್ಟರು. ಒಂದಕ್ಕೊಂದು ತಾಗದಿದ್ದರೂ, ಬರೀ ಗಾಳಿಯಲ್ಲಿ ಬಂದ ವಾಸನೆಯಿಂದಲೇ ಟೊಮೆಟೊ ಎಚ್ಚೆತ್ತು ಅಜೀರ್ಣದ ಪ್ರೋಟೀನು ತಯಾರಿಸತೊಡಗಿತು.

ಇಂಥ ವಿಷಯ ಓದಿದ ಕೆಲವರು ‘ಗಿಡಕ್ಕೂ ನೋವಾಗುತ್ತದೆ, ಗಿಡ ಅಳುತ್ತದೆ’ ಎಂದು ಮೊಬೈಲಿನಲ್ಲಿ ಕಳಿಸುತ್ತಿರುತ್ತಾರೆ. ನನಗೆ ಆ ಮಾತು ರುಚಿಸುವುದಿಲ್ಲ. ಅಳಲು ಮಿದುಳು ಬೇಕು. ಮಿದುಳಿಲ್ಲದೆಯೇ ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ನಡೆಯುತ್ತಿದೆಯಲ್ಲ, ಆಶ್ಚರ್ಯಪಡಲು ಅದು ಸಾಲದೇ?

ಹುಳುವಿನ ಮಾತಾಯಿತು, ಇನ್ನು ರೋಗ. 2006ರಲ್ಲಿ ಅದೇ ಪ್ರಯೋಗಾಲಯದ ಅಲಿಸಾ ಹಫೇಕರ್ ಸಾಸಿವೆ ಬಳಗದ ಒಂದು ಸಣ್ಣ ಕಳೆಗಿಡದಲ್ಲಿ 23 ಮಣಿಗಳ ಇನ್ನೊಂದು ಚೀಟಿ ಕಂಡುಹಿಡಿದರು. ಹೆಸರು ಪೆಪ್-1. ಇದನ್ನು ಕೊಡುವ ಉದ್ದ ಸರವನ್ನು ಹೆಚ್ಚು ತಯಾರಿಸುವಂತೆ ಮಾಡಿದ ಗಿಡಗಳು ಪಿಥಿಯಂ ಎಂಬ ಬೇರುಕೊಳೆ ರೋಗಾಣುವನ್ನು ಚೆನ್ನಾಗಿ ತಡೆದುಕೊಂಡವು. ನರ್ಸರಿಯಲ್ಲಿ ಸಸಿಗಳು ಬುಡ ಕೊಳೆತು ಮಲಗುತ್ತವಲ್ಲ, ಅದರ ಹಿಂದೆಯೂ ಹೆಚ್ಚಾಗಿ ಈ ಪಿಥಿಯಂ ಬಳಗವೇ ಇರುತ್ತದೆ. ಪೆಪ್-1 ಹೊರಬರುವ ವೇಗವನ್ನು ಬೆಲ್ಜಿಯಂನ ಘೆಂಟ್ ನಗರದ ವಿಜ್ಞಾನಿಗಳ ತಂಡ 2019ರಲ್ಲಿ ತೋರಿಸಿತು. ಜೀವಕೋಶ ಒಡೆದ ಅರ್ಧ ನಿಮಿಷದೊಳಗೆ! ಗಾಯದಲ್ಲಿ ಕ್ಯಾಲ್ಸಿಯಂ ನುಗ್ಗುತ್ತದೆ, ಕ್ಯಾಲ್ಸಿಯಂ ಒಂದು ಕತ್ತರಿ-ಕಿಣ್ವವನ್ನು ಎಬ್ಬಿಸುತ್ತದೆ, ಕತ್ತರಿ ಸರವನ್ನು ತುಂಡರಿಸುತ್ತದೆ. ನಾನು ಕೌಂಟರಿನಲ್ಲಿದ್ದಾಗ ಒಂದು ಸಹಿ ತಾಳೆ ನೋಡಲು ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಇವೆಲ್ಲ ಗಿಡ ತಾನೇ ಮಾಡಿಕೊಂಡ ಚೀಟಿಗಳು. ಶತ್ರುವೇ ಬೀಳಿಸಿಕೊಂಡ ಚೀಟಿಯನ್ನು ಓದುವುದೂ ಗಿಡಕ್ಕೆ ಗೊತ್ತು. ಬ್ಯಾಕ್ಟೀರಿಯಾಗಳಿಗೆ ಈಜಲು ಚಾವಟಿಯಂಥ ಬಾಲ ಇರುತ್ತದೆ. ಆ ಬಾಲದ ಪ್ರೋಟೀನಿನಲ್ಲಿ 22 ಮಣಿಗಳ ಒಂದು ತುಣುಕನ್ನು ಕಂಡರೆ ಸಾಕು, ಗಿಡ ಎಚ್ಚರಗೊಳ್ಳುತ್ತದೆ ಎಂದು 1999ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ತಿಳಿಯಿತು. ನಮ್ಮ ತಿಕ್ಕಾ ರೋಗದಂಥ ಶಿಲೀಂಧ್ರಗಳಿಗೆ ಬಾಲವಿಲ್ಲ. ಅವುಗಳನ್ನು ಗಿಡ ಹಿಡಿಯುವುದು ಅವುಗಳ ಗೋಡೆಯಿಂದ ಚಕ್ಕೆಯೆದ್ದ ಕೈಟಿನ್ ಎಂಬ ವಸ್ತುವಿನಿಂದ. ಏಡಿಯ ಚಿಪ್ಪಿನಲ್ಲಿರುವುದೂ ಕೈಟಿನ್ನೇ. ಒಮ್ಮೆ ಹೀಗೆ ಅನುಮಾನ ಹುಟ್ಟಿತೆಂದರೆ ಗಿಡದ ಸ್ವಂತ ಪೆಪ್ಟೈಡ್ ಚೀಟಿಗಳು ಹೊರಟು ಕೂಗನ್ನು ಇನ್ನಷ್ಟು ಜೋರು ಮಾಡುತ್ತವೆ.

ಈಗ ನಮ್ಮ ಅಕ್ಕಡಿ ಸಾಲಿನ ಅಲಸಂದೆಗೆ ಬರೋಣ. ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಇದು.

2018ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲಿ ಮುಸುಕಿನ ಜೋಳದ ಸುಳಿಯಲ್ಲಿ ಒಂದು ಹೊಸ ಹುಳು ಕಂಡಿತು. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು. ಅಮೆರಿಕ ಮೂಲದ ಸೈನಿಕ ಹುಳು. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿ ಬರೆದಂಥ ಗುರುತು. ಕೆಲವೇ ತಿಂಗಳಲ್ಲಿ ಅದು ರಾಜ್ಯ ದಾಟಿ ಹೋಯಿತು. ಚಿತ್ರದುರ್ಗ ಜಿಲ್ಲೆಯ ಜೋಳದವರೂ ಅದರ ಕೈಯಲ್ಲಿ ನರಳಿದರು.

ಇದೇ ಹುಳುವಿನ ಬಗ್ಗೆ, ಅದು ಭಾರತಕ್ಕೆ ಕಾಲಿಡುವ ಹನ್ನೆರಡು ವರ್ಷ ಮೊದಲೇ, 2006ರಲ್ಲಿ, ಎರಿಕ್ ಷ್ಮೆಲ್ಜ್ ಮತ್ತು ಸಂಗಡಿಗರು ಒಂದು ಗುಟ್ಟು ಬಿಡಿಸಿದ್ದರು. ಹುಳು ಅಲಸಂದೆ ಎಲೆ ತಿನ್ನುತ್ತದೆ. ಎಲೆಯ ಹಸಿರು ಕಣಗಳಲ್ಲಿ ಬಿಸಿಲಿನಿಂದ ಶಕ್ತಿ ತಯಾರಿಸುವ ಒಂದು ಯಂತ್ರದಂಥ ಪ್ರೋಟೀನು ಇದೆ. ಹುಳುವಿನ ಹೊಟ್ಟೆಯಲ್ಲಿ ಅದು ತುಂಡುತುಂಡಾಗುತ್ತದೆ. ಒಂದು ತುಂಡಿನಲ್ಲಿ ಹನ್ನೊಂದು ಮಣಿ. ತಿನ್ನುವಾಗ ಹುಳುವಿನ ಬಾಯಿಂದ ಎಂಜಲು ಎಲೆಯ ಗಾಯದ ಮೇಲೆ ತೊಟ್ಟಿಕ್ಕುತ್ತದೆ, ಅದರಲ್ಲಿ ಈ ತುಂಡೂ ಇರುತ್ತದೆ. ಅಲಸಂದೆ ಅದನ್ನು ಕಂಡ ಕೂಡಲೇ ಎಚ್ಚರಗೊಳ್ಳುತ್ತದೆ: ‘ಇದು ನನ್ನದೇ ಪ್ರೋಟೀನು, ಆದರೆ ಕತ್ತರಿಸಿದ ರೀತಿ ನನ್ನದಲ್ಲ!’ ಗಾಳಿಗೋ ದನದ ಕಾಲಿಗೋ ಹರಿದ ಎಲೆಗೂ ಹುಳು ತಿಂದ ಎಲೆಗೂ ಇರುವ ವ್ಯತ್ಯಾಸ ಗಿಡಕ್ಕೆ ಹೀಗೆ ತಿಳಿಯುತ್ತದೆ. ಕಳ್ಳನ ಜೇಬಿನಲ್ಲಿ ಮನೆಯವರದೇ ಹರಿದ ಪಾಸ್‌ಬುಕ್ಕಿನ ಹಾಳೆ ಸಿಕ್ಕಂತೆ. ಆ ತುಂಡಿಗೆ ಇನ್ಸೆಪ್ಟಿನ್ ಎಂದು ಹೆಸರಿಟ್ಟರು. ಅದು ತಾಗಿದ ಅಲಸಂದೆ ಗಾಳಿಗೆ ಬಿಡುವ ವಾಸನೆಗಳೂ ಬದಲಾಗುತ್ತವೆ. ಹುಳುವಿನ ಮೈಯಲ್ಲಿ ಮೊಟ್ಟೆಯಿಡುವ ಸಣ್ಣ ಕಣಜಗಳಿಗೆ ಇಂಥ ವಾಸನೆಗಳು ದಾರಿ ತೋರಿಸುತ್ತವೆ.

ಈ ಬಿಲ್ಲೆ ತೆಗೆದುಕೊಳ್ಳುವ ಕಿಟಕಿ 2020ರಲ್ಲಿ ಪತ್ತೆಯಾಯಿತು. ಅದು ಇರುವುದು ಅಲಸಂದೆ, ಹುರುಳಿಕಾಯಿ ಮುಂತಾದ ಕೆಲವೇ ಹತ್ತಿರದ ನೆಂಟರಲ್ಲಿ. ಆ ಕಿಟಕಿಯ ಜೀನನ್ನು ತಂಬಾಕು ಗಿಡಕ್ಕೆ ಹಾಕಿದಾಗ ತಂಬಾಕೂ ಇನ್ಸೆಪ್ಟಿನನ್ನು ಗುರುತಿಸತೊಡಗಿತು, ಅದರ ಮೇಲೆ ಬಿಟ್ಟ ಹುಳುಗಳು ಕಡಿಮೆ ಬೆಳೆದವು. ಇದಕ್ಕೂ ಹತ್ತು ವರ್ಷ ಮೊದಲು, 2010ರಲ್ಲಿ, ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಸಿರಿಲ್ ಜಿಪ್‌ಫೆಲ್ ಅವರ ತಂಡ ಸಾಸಿವೆ ಬಳಗದಲ್ಲಷ್ಟೇ ಇದ್ದ ಒಂದು ಕಿಟಕಿಯನ್ನು ಟೊಮೆಟೊಗೆ ಕೊಟ್ಟಿತ್ತು. ಬ್ಯಾಕ್ಟೀರಿಯಾದ ಹದಿನೆಂಟು ಮಣಿಗಳ ಒಂದು ತುಣುಕನ್ನು ಗುರುತಿಸುವ ಕಿಟಕಿ ಅದು. ಟೊಮೆಟೊ ಬೆಳೆಯುವವರನ್ನು ಗೋಳಾಡಿಸುವ ಬ್ಯಾಕ್ಟೀರಿಯಾ ಸೊರಗು ರೋಗವನ್ನು ಆ ಗಿಡಗಳು ತಡೆದುಕೊಂಡವು.

ಇಷ್ಟು ಕೇಳಿದ ಮೇಲೆ ಮೊಮ್ಮಗಳು ಸುಮ್ಮನಿರುತ್ತಾಳೆಯೇ? “ಹಾಗಾದರೆ ಆ ಚೀಟಿಯನ್ನೇ ನೀರಿಗೆ ಕಲಸಿ ಹೊಲಕ್ಕೆಲ್ಲ ಹೊಡೆದುಬಿಡಬಹುದಲ್ಲ ತಾತ, ಯಾವಾಗಲೂ ಎಚ್ಚರವಾಗೇ ಇರುತ್ತೆ?”

ಒಂದು ಶಾಖೆಯಲ್ಲಿ ನಡೆದದ್ದು ಹೇಳುತ್ತೇನೆ. ಕಳ್ಳರ ಗಂಟೆಯ ಪೆಟ್ಟಿಗೆಯೊಳಗೆ ಹಲ್ಲಿ ಸೇರಿಕೊಂಡು ಬೆಳಗಿನಿಂದ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಪ್ರತಿ ಸಲವೂ ಬಾಗಿಲು ಹಾಕುವುದು, ಕ್ಯಾಷ್ ಪೆಟ್ಟಿಗೆಗೆ ಬೀಗ, ಲೆಕ್ಕ ಎಣಿಸುವುದು. ಮಧ್ಯಾಹ್ನದವರೆಗೆ ಒಬ್ಬ ಗಿರಾಕಿಗೂ ಹಣ ಕೊಡಲಾಗಲಿಲ್ಲ. ಕಳ್ಳತನವಾಗಲಿಲ್ಲ ನಿಜ, ವ್ಯವಹಾರವೂ ಆಗಲಿಲ್ಲ. ಗಿಡದ ಪಾಡೂ ಅದೇ. ಬ್ಯಾಕ್ಟೀರಿಯಾ ಬಾಲದ ಆ 22 ಮಣಿಗಳ ತುಣುಕು ಬೆರೆಸಿದ ನೀರಿನಲ್ಲಿ ಎಳೆ ಸಸಿ ಬೆಳೆಸಿದರೆ ಅದು ಗಿಡ್ಡಾಗಿ ಉಳಿಯುತ್ತದೆ. ರಕ್ಷಣೆಗೆ ಸುರಿದ ಶಕ್ತಿ ಬೆಳವಣಿಗೆಗೆ ಸಿಗುವುದಿಲ್ಲ. ಸದಾ ಎಚ್ಚರವಿರುವಂತೆ ಜೀನು ಕೆಟ್ಟ ಗಿಡಗಳು ಕುಳ್ಳಾಗಿರುತ್ತವೆ. ನಮ್ಮ ಶೇಂಗಾಕ್ಕೆ ರೋಗ ಬಾರದೆ, ಕಾಯಿಯೂ ಬಾರದೆ ಹೋದರೆ ರೈತ ಏನು ಮಾಡಿಯಾನು? ಗಿಡ ಈ ಚೀಟಿಗಳನ್ನು ಉದ್ದ ಸರದೊಳಗೆ ಬಚ್ಚಿಟ್ಟುಕೊಳ್ಳುವುದು ಇದಕ್ಕೇ. ಬೇಕಾದಾಗ, ಬೇಕಾದ ಕಡೆ, ಬೇಕಾದಷ್ಟೇ ಕತ್ತರಿಸಬೇಕು. ಹಾಗಾಗಿ ‘ಗಿಡದ ರೋಗನಿರೋಧಕ ಶಕ್ತಿ ಹೆಚ್ಚಿಸುವ ಔಷಧಿ’ ಎಂದು ಬಣ್ಣದ ಬಾಟಲಿ ತೋರಿಸುವವರು ಬಂದರೆ, ಅದರಲ್ಲಿ ಏನಿದೆ, ಯಾವ ಬೆಳೆಯಲ್ಲಿ ಪರೀಕ್ಷೆಯಾಗಿದೆ ಎಂದು ಕೇಳದೆ ಜೇಬಿಗೆ ಕೈ ಹಾಕಬೇಡಿ.

ಶೇಂಗಾದ ಹತ್ತಿರದ ದಾಯಾದಿ ಸೋಯಾ ಅವರೆಯಲ್ಲೂ ಇಂಥ ಚೀಟಿಗಳು ಸಿಕ್ಕಿವೆ. 2010ರಲ್ಲಿ 12 ಮಣಿಗಳದ್ದೊಂದು, ಮರುವರ್ಷ ಬರೀ 8 ಮಣಿಗಳದ್ದೊಂದು. 2019ರಲ್ಲಿ ಶೇಂಗಾದ ಪೂರ್ತಿ ಜೀನು ಪಟ್ಟಿಯೂ ಪ್ರಕಟವಾಯಿತು. ಆದರೆ ಈ ವರ್ಷ ಬಿತ್ತುವವನು ಅದಕ್ಕೆಲ್ಲ ಕಾಯುವ ಹಾಗಿಲ್ಲ. ನಮ್ಮ ಕಡೆ ಬಹುಕಾಲದಿಂದ ನಡೆದುಬಂದ ಟಿಎಂವಿ-2 ತಳಿ ಎಲೆಚುಕ್ಕೆಗೂ ತುಕ್ಕಿಗೂ ಬೇಗ ಬಗ್ಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಜಿಪಿಬಿಡಿ-4 ತಳಿ ಕೊನೆಯ ಎಲೆಚುಕ್ಕೆಯನ್ನೂ ತುಕ್ಕು ರೋಗವನ್ನೂ ತಡೆದುಕೊಳ್ಳುತ್ತದೆ. ಅದರ ಆ ಗುಣ ಬಂದದ್ದು ದಕ್ಷಿಣ ಅಮೆರಿಕದ ಬೊಲಿವಿಯಾದ ಒಂದು ಕಾಡು ಶೇಂಗಾದಿಂದ, ಹಳೆಯ ಪದ್ಧತಿಯ ಸಂಕರಣದಿಂದ. ಕಾಡಿನ ಅಜ್ಜಿಯ ಆಸ್ತಿ ಧಾರವಾಡದ ಮೂಲಕ ಮೊಮ್ಮಗಳಿಗೆ ಸಂದ ಹಾಗೆ. ಇನ್ನು ರೋಗದ ಬಳ್ಳಿ ಎಲೆಗಳನ್ನು ಹೊಲದಲ್ಲೇ ಬಿಡದಿರುವುದು, ಅದೇ ಹೊಲಕ್ಕೆ ವರ್ಷ ವರ್ಷವೂ ಶೇಂಗಾವನ್ನೇ ಹಾಕದಿರುವುದು. ಇದು ಹಿರಿಯರಿಗೆ ಹೊಸದಲ್ಲ. ಶಿಲೀಂಧ್ರ ಬದುಕಿ ಉಳಿಯುವುದೇ ಹಿಂದಿನ ಬೆಳೆಯ ಕಸದಲ್ಲಿ.

ಮೊಳಕಾಲ್ಮೂರಿನವರು ‘ನಮ್ಮೂರಿನ ಮಾತೇ ಬರಲಿಲ್ಲ’ ಎಂದು ಮುನಿಸಿಕೊಳ್ಳುವ ಮುಂಚೆ ರೇಷ್ಮೆಗೆ ಬರುತ್ತೇನೆ. ಮೊಳಕಾಲ್ಮೂರು ಸೀರೆಯ ರೇಷ್ಮೆ ಹುಟ್ಟುವುದು ಹಿಪ್ಪುನೇರಳೆ ಸೊಪ್ಪಿನಿಂದ. ಹುಳು ಹಗಲೂ ರಾತ್ರಿ ಆ ಸೊಪ್ಪನ್ನು ಕರಕರ ತಿನ್ನುತ್ತದೆ. ಹಾಗಾದರೆ ಹಿಪ್ಪುನೇರಳೆಗೆ ರಕ್ಷಣೆಯೇ ಇಲ್ಲವೇ? ಚೆನ್ನಾಗಿಯೇ ಇದೆ. ಎಲೆ ಮುರಿದರೆ ಹಾಲು ಬರುತ್ತದಲ್ಲ, ಅದರಲ್ಲಿ ಸಕ್ಕರೆಯ ವೇಷ ಹಾಕಿದ ವಿಷವಿದೆ. ಹರಳು ಸೊಪ್ಪು ತಿನ್ನುವ ಎರಿ ರೇಷ್ಮೆಹುಳುವಿಗೆ ಹಿಪ್ಪುನೇರಳೆ ಎಲೆ ತಿನ್ನಿಸಿದರೆ ಸತ್ತೇಹೋಗುತ್ತದೆ ಎಂದು ಜಪಾನಿನ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ನಮ್ಮ ರೇಷ್ಮೆಹುಳುವಿನ ಕಿಣ್ವಗಳು ಮಾತ್ರ ಆ ವಿಷಕ್ಕೆ ಸೊಪ್ಪು ಹಾಕುವುದಿಲ್ಲ. ಎಲ್ಲರಿಗೂ ಮುಚ್ಚಿದ ಅಡುಗೆಮನೆಯಲ್ಲಿ ಅದೊಂದೇ ಕೂತು ಉಣ್ಣುತ್ತಿದೆ.

ರೇಷ್ಮೆಹುಳುವಿನ ರಕ್ತದಲ್ಲೂ ಒಂದು ಪೆಪ್ಟೈಡ್ ಇದೆ. ಅದೂ ಉದ್ದ ಸರದೊಳಗೆ ಹುದುಗಿದ್ದು, ಸೋಂಕು ತಗುಲಿದಾಗ ಕತ್ತರಿಸಿಕೊಂಡು ಹೊರಬಂದು ಹುಳುವಿನ ರಕ್ಷಣೆಯನ್ನು ಎಬ್ಬಿಸುತ್ತದೆ. ಅದರ ಮಣಿಗಳನ್ನು ಎಣಿಸಿದರೆ 23. ಸಾಸಿವೆ ಬಳಗದ ಕಳೆಗಿಡದ ಪೆಪ್-1ರಲ್ಲೂ 23 ಇತ್ತಲ್ಲವೇ? ಮಣಿಗಳ ಕ್ರಮ ಬೇರೆ, ವಂಶ ಬೇರೆ, ಸಂಖ್ಯೆ ಕೂಡಿಬಂದದ್ದು ಬರೀ ಕಾಕತಾಳೀಯ. ಲೆಕ್ಕ ತಾಳೆ ನೋಡುವ ಅಭ್ಯಾಸದಿಂದ ನನ್ನ ಕಣ್ಣಿಗೆ ಬಿತ್ತು, ಅಷ್ಟೇ.